ಒಂದೇ ಥರದ ಡಬ್ಬಗಳು

ಮದುವೆಯಾಗಿ ಮೂರು ವರ್ಷ ಕಳೆದರೂ ಆ ಮನೆಯ ಅಡುಗೆಮನೆ ಸೌಂದರ್ಯಳಿಗೆ ಒಗ್ಗಿರಲಿಲ್ಲ. ಹುಣಸೂರಿನಿಂದ ವೀರನಹೊಸಹಳ್ಳಿ ಕಡೆಗೆ ಹೋಗುವ ರಸ್ತೆಯ ಊರದು. ಮನೆ ಮಾವ ಚಿಕ್ಕಬಸಪ್ಪನವರು ಬದುಕಿದ್ದಾಗ ಕಟ್ಟಿಸಿದ್ದು. ಹಜಾರ ವಿಶಾಲವಾಗಿತ್ತು, ದೇವರಮನೆಗೂ ಜಾಗ ಬಿಟ್ಟಿದ್ದರು, ಅಡುಗೆಮನೆಯನ್ನು ಮಾತ್ರ ಮರೆತು ಆಮೇಲೆ ನೆನಪಿಸಿಕೊಂಡವರ ಹಾಗೆ ಹಿಂದುಗಡೆ ಸೇರಿಸಿದ್ದರು. ಇಬ್ಬರು ನಿಂತರೆ ಮೂರನೆಯವರು ಹಿತ್ತಿಲಲ್ಲಿ ನಿಲ್ಲಬೇಕು. ಅಷ್ಟರೊಳಗೇ ರಾಗಿ ಹಿಟ್ಟಿನ ಡ್ರಮ್ಮು, ಅಕ್ಕಿ ಮೂಟೆ, ಗೋಡೆಯೊಳಗೆ ಕೊರೆದ ಗೂಡುಗಳು, ಪಾತ್ರೆ ತೂಗುಹಾಕಲು ತೊಲೆಯಿಂದ ಇಳಿಬಿಟ್ಟ ಹಗ್ಗದ ನೆಲುವು. ಸಾಸಿವೆ ಯಾವುದೋ ಕಾಲದ ಪೌಡರ್ ಡಬ್ಬದಲ್ಲಿ, ಜೀರಿಗೆ ಉದ್ದ ಕತ್ತಿನ ಗಾಜಿನ ಬಾಟಲಿಯಲ್ಲಿ, ಉಪ್ಪು ಅಂಚು ಮುರಿದ ಪಿಂಗಾಣಿ ಜಾಡಿಯಲ್ಲಿ, ಸಕ್ಕರೆ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ. ಸೌಂದರ್ಯ ಬೆಲ್ಲ ಹುಡುಕಿದರೆ ಹುಣಸೆಹಣ್ಣು ಸಿಗುತ್ತಿತ್ತು. ಅತ್ತೆ ಪ್ರೇಮಮ್ಮ ಮಾತ್ರ ಒಲೆಯ ಮುಂದೆ ನಿಂತು, ಎತ್ತಲೋ ಮುಖ ಮಾಡಿ ಮಾತಾಡುತ್ತಲೇ ಕೈಚಾಚಿ ಬೇಕಾದ್ದನ್ನು ತೆಗೆದುಕೊಳ್ಳುತ್ತಿದ್ದರು.

ಸೌಂದರ್ಯ ಎಚ್.ಡಿ. ಕೋಟೆ ಪೇಟೆಯವಳು. ಫಾರ್ಮಸಿ ಓದಿ ಹುಣಸೂರಿನ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಸಾವಿರಾರು ಥರದ ಮಾತ್ರೆ, ಟಾನಿಕ್ಕು. ಆದರೂ ಚೀಟಿ ನೋಡಿದ ಮರುಗಳಿಗೆ ಅವಳ ಕೈ ಸರಿಯಾದ ಖಾನೆಗೆ ಹೋಗುತ್ತಿತ್ತು. ಆ ಅಂಗಡಿಯ ಶಿಸ್ತು ಮನೆಯಲ್ಲಿ ಯಾಕಿಲ್ಲ ಅನ್ನುವುದು ಅವಳಿಗೆ ಪ್ರತಿ ಬೆಳಗ್ಗೆ ಚುಚ್ಚುತ್ತಿತ್ತು. ಹೊಗೆಸೊಪ್ಪಿನ ಕಾಲ ಬಂತೆಂದರೆ ಕೇಳುವುದೇ ಬೇಡ. ಗಂಡ ಶಿವಶಂಕರ್ ಸೊಪ್ಪು ಹದ ಮಾಡುವ ಮನೆ, ಬ್ಯಾರನ್ನಿಗೆ ಬೆಂಕಿ ಹಾಕಿ, ಸೊಪ್ಪು ಬೇಯುವವರೆಗೂ ಅಲ್ಲೇ ಬಿದ್ದಿರುತ್ತಿದ್ದ. ಸೊಪ್ಪು ಮುರಿಯುವ, ಕಟ್ಟುವ ಆಳುಗಳಿಗೆಲ್ಲ ಇದೇ ಅಡುಗೆಮನೆಯಿಂದ ತಿಂಡಿ, ಊಟ ಹೋಗಬೇಕು. ಅಷ್ಟನ್ನೂ ಅರ್ಧ ಮಾಡಿ, ಉಳಿದರ್ಧ ಅತ್ತೆಗೆ ಬಿಟ್ಟು, ಸೌಂದರ್ಯ ಬಸ್ಸಿಗೆ ಓಡುತ್ತಿದ್ದಳು. ಎಷ್ಟೋ ಸಲ ಬಸ್ಸಿನ ಬೆನ್ನು ನೋಡಿ ನಿಂತಿದ್ದಳು.

ಆ ವರ್ಷ ಮಳೆಗಾಲಕ್ಕೆ ಮುಂಚೆ, ಕೆ.ಆರ್. ನಗರಕ್ಕೆ ಕೊಟ್ಟಿದ್ದ ನಾದಿನಿ ಪುಷ್ಪಾ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಪ್ರೇಮಮ್ಮ ಮಗಳ ಜೊತೆಗಿರಲು ಹೋದರು. ಸೌಂದರ್ಯ ಆ ಹೊತ್ತಿಗಾಗಿಯೇ ಕಾದಿದ್ದಳು ಅನ್ನುವುದು ಅನ್ಯಾಯದ ಮಾತು. ಆದರೆ ಅತ್ತೆ ಬಸ್ಸು ಹತ್ತಿದ ಸಂಜೆಯೇ ಅವಳು ಟೇಪು ಹಿಡಿದು ಗೋಡೆ ಅಳೆದದ್ದು ನಿಜ.

"ಅವ್ವನ್ನ ಒಂದ್ ಮಾತು ಕೇಳಿದ್ರೆ ಚೆಂದಾಗಿರದು," ಅಂದ ಶಿವಶಂಕರ್, ಟೇಪಿನ ಇನ್ನೊಂದು ತುದಿ ಹಿಡಿದು.

"ಕೇಳಿದ್ರೆ ಬೇಡ ಅಂತಾರೆ. ಮಾಡಿ ತೋರಿಸಿದ್ರೆ ಖುಷಿಪಡ್ತಾರೆ ಕಣ್ರೀ. ಈ ವಯಸ್ಸಲ್ಲಿ ಅವರೂ ಎಷ್ಟು ಬಗ್ಗಿ ಏಳ್ತಾರೆ?"

ಅವನಿಗೂ ಅದು ಸರಿಯೆನಿಸಿತು. ಗಾರೆಯವರು ಬಂದು ಗೂಡುಗಳನ್ನು ಮುಚ್ಚಿದರು. ಎಡಗೋಡೆಯ ಮೂಲೆಯಲ್ಲಿದ್ದ ಒಲೆಕಟ್ಟೆಯನ್ನು ಒಡೆದು, ಬಲಗಡೆ ಕಿಟಕಿಯ ಕೆಳಗೆ ಉದ್ದಕ್ಕೂ ಕಪ್ಪು ಕಲ್ಲಿನ ಕಟ್ಟೆ ಮಾಡಿದರು. ಕೆಳಗೆ ಎಳೆದರೆ ಹೊರಬರುವ ಟ್ರಾಲಿಗಳು, ಮೇಲೆ ಮೂರು ಸಾಲು ಹಲಗೆ. ಒಲೆ ಇದ್ದ ಜಾಗ ಖಾಲಿಯಾಗಿ, ಓಡಾಡಲು ಹಾದಿಯಾಯಿತು. ಸೌಂದರ್ಯ ಹುಣಸೂರಿನಿಂದ ಒಂದೇ ಅಳತೆಯ ಚೌಕದ ಪ್ಲಾಸ್ಟಿಕ್ ಡಬ್ಬಗಳನ್ನು ತಂದಳು. ಒಂದರ ಮೇಲೊಂದು ಕೂರುವಂಥವು, ಒಂದು ಇಂಚು ಜಾಗವೂ ಹಾಳಾಗದಂಥವು. ಅಂಗಡಿಯಲ್ಲಿ ಔಷಧಿಗೆ ಅಂಟಿಸುವ ಚೀಟಿಗಳ ಮೇಲೆ ದುಂಡಗೆ ಬರೆದು ಅಂಟಿಸಿದಳು: ಸಾಸಿವೆ, ಜೀರಿಗೆ, ಮೆಂತ್ಯ, ಉಪ್ಪು, ಸಕ್ಕರೆ. ಹಳೆಯ ಡಬ್ಬ, ಬಾಟಲಿ, ಜಾಡಿಗಳನ್ನೆಲ್ಲ ಗುಜರಿಯವನು ಚೀಲಕ್ಕೆ ತುಂಬಿಕೊಂಡು ಹೋದ. ಕೊನೆಯಲ್ಲಿ ಬಾಗಿಲಲ್ಲಿ ನಿಂತು ನೋಡಿದಾಗ ಅದೇ ಅಡುಗೆಮನೆ ಎರಡರಷ್ಟು ದೊಡ್ಡದಾಗಿ ಕಂಡಿತು. ಆ ವಾರ ಅವಳು ಬಸ್ ಸ್ಟಾಪಿನಲ್ಲಿ ನಿಂತು ಬಸ್ಸಿಗೆ ಕಾದಳು.

ಪ್ರೇಮಮ್ಮ ಕೆ.ಆರ್. ನಗರದಿಂದ ಬಂದದ್ದು ಸೊಪ್ಪು ಬೇಯಿಸುವ ಕಾಲ ಶುರುವಾದ ಮೇಲೆ, ಒಂದು ಮಧ್ಯಾಹ್ನ. ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಎಂದಿನಂತೆ ಸೀದಾ ಅಡುಗೆಮನೆಗೆ ನಡೆದರು. ಹೊಸ್ತಿಲು ದಾಟಿದವರು ಅಲ್ಲೇ ನಿಂತರು. ಸೌಂದರ್ಯ ಹಿಂದೆಯೇ ಹೋಗಿ ಟ್ರಾಲಿ ಎಳೆದಳು, ಡಬ್ಬ ತೋರಿಸಿದಳು, ಎಲ್ಲೆಲ್ಲಿ ಏನೇನಿದೆ ಎಂದು ಹುಮ್ಮಸ್ಸಿನಿಂದ ಹೇಳಿದಳು. ಅತ್ತೆ ಕಲ್ಲಿನ ಕಟ್ಟೆಯ ಮೇಲೆ ಅಂಗೈ ಆಡಿಸಿದರು.

"ಅಳೇ ಡಬ್ಬಗಳ್ನೆಲ್ಲ ಎಲ್ಲಿಟ್ಟಿದ್ದೀಯವ್ವ?"

"ಗುಜರಿಗೆ ಹಾಕ್ಬಿಟ್ಟೆ ಅತ್ತೆ. ಎಲ್ಲಾ ತುಕ್ಕು ಹಿಡಿದಿದ್ವಲ್ಲ. ಇಲ್ಲಿ ಹೆಸರು ಬರೆದಿದೀನಿ ನೋಡಿ, ದೊಡ್ಡದಾಗಿ."

ಪ್ರೇಮಮ್ಮ ಓದು ಬಲ್ಲವರು. ದಿನವೂ ವಚನದ ಪುಸ್ತಕ ಹಿಡಿದು ಕೂರುತ್ತಿದ್ದವರು. ಚೀಟಿಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಿದ್ದು, "ಚೆಂದಾಗದೆ ಬುಡು," ಅಂದು ಹೊರಗೆ ಹೋದರು. ಸೌಂದರ್ಯಳ ಮುಖ ಸಣ್ಣಗಾಯಿತು. ಇಷ್ಟು ಕಷ್ಟಪಟ್ಟದ್ದಕ್ಕೆ ಇಷ್ಟೇನಾ ಅನ್ನಿಸಿತು.

ಮರುದಿನದಿಂದ ಮನೆಯ ಅಡುಗೆ ಹಳಿ ತಪ್ಪಿತು. ಕಾಫಿಗೆ ಉಪ್ಪು ಬಿತ್ತು. ಒಗ್ಗರಣೆಗೆ ಸಾಸಿವೆಯ ಬದಲು ಮೆಂತ್ಯ ಬಿದ್ದು ಸಾರು ಕಹಿಯಾಯಿತು. ಸಂಜೆ ಸೌಂದರ್ಯ ಬಂದು ನೋಡಿದರೆ ಡಬ್ಬಗಳ ಮುಚ್ಚಳ ತೆರೆದೇ ಇರುತ್ತಿದ್ದವು, ಒಂದೂ ತನ್ನ ಜಾಗದಲ್ಲಿರುತ್ತಿರಲಿಲ್ಲ. ಅವಳು ತುಟಿ ಕಚ್ಚಿಕೊಂಡು ಮತ್ತೆ ಜೋಡಿಸಿಡುತ್ತಿದ್ದಳು. ಒಂದು ಬೆಳಗ್ಗೆ ಜಡೆ ಹಾಕಿಕೊಳ್ಳುತ್ತಾ ಹಜಾರದಿಂದ ನೋಡಿದಳು: ಅತ್ತೆ ಡಬ್ಬಗಳನ್ನು ಒಂದೊಂದಾಗಿ ತೆಗೆದು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದರು. ಸೊಸೆ ತುಂಬಿಟ್ಟ ಸಾಮಾನು ಕೆಟ್ಟಿರಬಹುದು ಅನ್ನುವ ಹಾಗೆ. ಸೌಂದರ್ಯಳಿಗೆ ಕಣ್ಣಲ್ಲಿ ನೀರು ಬಂತು. ಹೊರಡುವಾಗ ಹೇಳಿಯೂ ಹೋಗಲಿಲ್ಲ.

"ನಿಮ್ಮಮ್ಮನಿಗೆ ಇಷ್ಟ ಇಲ್ಲ ಅಂದ್ರೆ ಬಾಯ್ಬಿಟ್ಟು ಹೇಳ್ಲಿ. ಬೇಕು ಅಂತಲೇ ಹಾಳು ಮಾಡೋದ್ಯಾಕೆ?" ಎಂದು ಗಂಡನಿಗೆ ಫೋನಿನಲ್ಲಿ ಹೇಳಿದಳು.

ಶಿವಶಂಕರ್ ಬ್ಯಾರನ್ನಿನ ಕಾವಿನಲ್ಲಿ ನಿದ್ದೆಗೆಟ್ಟವನು. ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಸಾರು ಸಿಹಿಯಾಗಿತ್ತು. ಆಳುಗಳಲ್ಲಿ ಒಬ್ಬಳಾದ ಪುಟ್ಟಲಕ್ಷ್ಮಿ ಮೊದಲ ತುತ್ತಿಗೇ ಕಿಸಕ್ಕೆಂದಳು, ಉಳಿದವರೂ ನಕ್ಕರು. ಅವನು ಕ್ಯಾರಿಯರ್ ಹಿಡಿದು ಮನೆಗೆ ಬಂದು ಅವ್ವನ ಮುಂದೆ ಇಟ್ಟ.

"ಏನವ್ವಾ ಇದು, ಸಾರಾ ಪಾಯಸವಾ? ಸೊಸೆ ಮೇಲೆ ಮುನಿಸಿದ್ರೆ ಅವಳತ್ರ ಹೇಳು. ಆಳುಗಳ ಮುಂದೆ ನನ್ ಮಾನ ಯಾಕ್ ಕಳೀತೀಯ?"

"ಮುನಿಸೇನಿಲ್ಲ ಕಣಪ್ಪ. ಯಾಕೋ ಕೈ ಓಡ್ತಿಲ್ಲ," ಅಂದರು ಪ್ರೇಮಮ್ಮ. ಕ್ಯಾರಿಯರ್ ಎತ್ತಿಕೊಂಡು ಒಳಗೆ ಹೋದರು.

ಇದನ್ನು ಸೌಂದರ್ಯಳಿಗೆ ಆಮೇಲೆ ಅವನೇ ಹೇಳಿದ. ಆದರೆ ಅದು ಮುಂದಿನ ಭಾನುವಾರ ಕಳೆದ ಮೇಲಿನ ಮಾತು.

ಆ ಭಾನುವಾರ ಸೌಂದರ್ಯಳಿಗೆ ರಜೆ. ಹಿತ್ತಿಲ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು. ಒಳಗೆ ಪ್ರೇಮಮ್ಮ ಆಳುಗಳಿಗೆಂದು ದೊಡ್ಡ ಪಾತ್ರೆಯಲ್ಲಿ ಹುರುಳಿ ಸಾರು ಕುದಿಸುತ್ತಿದ್ದರು. ಅತ್ತೆ ಸೊಸೆಯ ನಡುವೆ ಮಾತು ಕಡಿಮೆಯಾಗಿ ದಿನಗಳಾಗಿದ್ದವು. ಪ್ರೇಮಮ್ಮ ಸೆರಗಿನಿಂದ ಪಾತ್ರೆ ಹಿಡಿದು ಒಲೆಯಿಂದ ಇಳಿಸಿದರು. ತಿರುಗಿದರು. ಎರಡು ಹೆಜ್ಜೆ ನಡೆದು ಎಡಗಡೆಯ ಮೂಲೆಗೆ ಹೋದರು. ಅಲ್ಲಿ ಮೊದಲು ಒಲೆಕಟ್ಟೆ ಇತ್ತು. ಮೂವತ್ತು ವರ್ಷಗಳಿಗೂ ಮೇಲೆ ಅವರು ಬಿಸಿ ಪಾತ್ರೆ ಇಳಿಸಿದ ಜಾಗ. ಸ್ವಲ್ಪವೂ ಅನುಮಾನವಿಲ್ಲದೆ, ಮಗುವನ್ನು ತೊಟ್ಟಿಲಿಗಿಡುವವರ ಹಾಗೆ ನಿಧಾನವಾಗಿ ಪಾತ್ರೆಯನ್ನು ಇಟ್ಟು, ಕೈಬಿಟ್ಟರು.

ಅಲ್ಲಿ ಏನೂ ಇರಲಿಲ್ಲ.

ಪಾತ್ರೆ ಬಿದ್ದ ಸದ್ದಿಗಿಂತ ಮೊದಲು ಸೌಂದರ್ಯಳಿಗೆ ಅರ್ಥವಾದದ್ದು ಅದು. ಅತ್ತೆ ಎಡವಿರಲಿಲ್ಲ, ಕೈಜಾರಿರಲಿಲ್ಲ. ಬರೀ ಗಾಳಿಯ ಮೇಲೆ ಪಾತ್ರೆ ಇಟ್ಟಿದ್ದರು. ಕುದಿಯುವ ಸಾರು ಮೊಣಕಾಲಿನಿಂದ ಕೆಳಗೆ ಸುರಿದು, ಪ್ರೇಮಮ್ಮ ಗೋಡೆ ಹಿಡಿಯಲು ಕೈ ಚಾಚಿದರು. ಗೋಡೆ ಅವರು ಅಂದುಕೊಂಡಷ್ಟು ಹತ್ತಿರ ಇರಲಿಲ್ಲ.

ಹುಣಸೂರಿನ ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೆ ಮುಲಾಮು ಹಚ್ಚಿದ ವೈದ್ಯೆ ಪ್ರೇಮಮ್ಮನ ಮುಖದ ಮುಂದೆ ಟಾರ್ಚು ಆಡಿಸಿ ನೋಡಿ, ಮೈಸೂರಿಗೆ ಚೀಟಿ ಬರೆದರು. ಮೈಸೂರಿನ ಕಣ್ಣಿನ ಡಾಕ್ಟರು ಒಂದು ದಿನವೆಲ್ಲ ಪರೀಕ್ಷೆ ಮಾಡಿಸಿ ಶಿವಶಂಕರ್, ಸೌಂದರ್ಯ ಇಬ್ಬರನ್ನೂ ಕರೆದರು.

"ಕಣ್ಣಿನ ಒತ್ತಡ ಹೆಚ್ಚಾಗಿ ನರ ಒಣಗಿಹೋಗಿದೆ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಲ್ಲಿ ನಡುವೆ ಒಂದು ಚೂರು ಬೆಳಕು ಉಳಿದಿದೆ, ಅಷ್ಟೆ. ಹೋಗಿದ್ದು ವಾಪಸ್ ಬರಲ್ಲ. ಉಳಿದಿದ್ದನ್ನ ಉಳಿಸಿಕೊಳ್ಳೋಕೆ ದಿನಾ ಹನಿ ಹಾಕಬೇಕು."

"ಆದ್ರೆ ಸಾರ್, ಮೊನ್ನೆ ತಂಕ ಇವ್ರೇ ಅಡುಗೆ ಮಾಡ್ತಿದ್ರು," ಅಂದ ಶಿವಶಂಕರ್.

"ಮಾಡ್ತಿದ್ದಿರಬಹುದು. ಇದು ಮೊನ್ನೆ ಮೊನ್ನೆ ಆದದ್ದಲ್ಲ. ವರ್ಷಗಳಿಂದ ಹೀಗೇ ಇದ್ದಾರೆ."

ಬರೆದುಕೊಟ್ಟ ಹನಿಯ ಹೆಸರು ನೋಡಿ ಸೌಂದರ್ಯ ತಲೆ ತಗ್ಗಿಸಿದಳು. ಅದೇ ಬಾಟಲಿಯನ್ನು ಅವಳು ದಿನವೂ ಕೌಂಟರಿನಾಚೆ ಯಾರಿಗಾದರೂ ಕೊಡುತ್ತಿದ್ದಳು. ತಪ್ಪಿಸಬೇಡಿ, ತಪ್ಪಿಸಿದರೆ ಕಣ್ಣು ಹೋಗುತ್ತದೆ ಎಂದು ಹೇಳಿ ಕೊಡುತ್ತಿದ್ದಳು.

ವಾಪಸ್ ಬರುವಾಗ ಬಾಡಿಗೆ ಕಾರಿನಲ್ಲಿ, ಬಿಳಿಕೆರೆ ದಾಟಿದ ಮೇಲೆ ಶಿವಶಂಕರ್ ಮುಂದಿನ ಸೀಟಿನಿಂದ ತಿರುಗದೆಯೇ ಕೇಳಿದ.

"ಯಾಕವ್ವಾ ಹೇಳ್ಲಿಲ್ಲ?"

ಪ್ರೇಮಮ್ಮ ಸೌಂದರ್ಯಳ ಕಡೆಗೆ ವಾಲಿ, ಅವಳೊಬ್ಬಳಿಗೇ ಹೇಳುವ ಹಾಗೆ ಹೇಳಿದರು.

"ನಮ್ಮತ್ತೆಗೂ ಇಂಗೇ ಆಗಿತ್ತು ಕಣವ್ವ, ಪೊರೆ ಬಂದು. ಜಗಲಿ ಮೇಲೆ ಕೂರುಸ್ಬುಟ್ರು ಎಲ್ರೂ ಸೇರ್ಕಂಡು. ಹೊತ್ತೊತ್ಗೆ ತಟ್ಟೆ ಕೊಡೋರು. ಚೆನ್ನಾಗೇ ನೋಡ್ಕತಿದ್ರು, ಇಲ್ಲ ಅನ್ನಾಕಾಗಕಿಲ್ಲ. ಆದ್ರೆ ಅವರನ್ನ ಯಾರೂ ಏನೂ ಕೇಳ್ತಿರ್ನಿಲ್ಲ. ಉಪ್ಪು ಎಷ್ಟು ಆಕ್ಲಿ ಅಂತನೂ ಕೇಳ್ತಿರ್ನಿಲ್ಲ. ನಂಗೆ ಕಣ್ಣು ಮಂಜಾದಾಗ ಅದೇ ಗ್ಯಾಪ್ಕ ಬಂತು. ಅಡುಗೆಮನೇಲಿ ಕಣ್ಣು ಬೇಕಾಗಿರ್ನಿಲ್ಲ ನಂಗೆ. ಎಲ್ಲಾ ಕೈಗೇ ಸಿಕ್ತಿತ್ತು."

ಸೌಂದರ್ಯ ಅತ್ತೆಯ ಕೈ ಹಿಡಿದುಕೊಂಡಳು. "ಮತ್ತೆ ಹಳೇ ಥರಾನೇ ಮಾಡಿಸ್ತೀನಿ ಅತ್ತೆ. ಎಲ್ಲಾ ಮೊದಲು ಎಲ್ಲಿತ್ತೋ ಅಲ್ಲೇ."

ಹಾಗೆ ಹೇಳುವಾಗ ಅವಳಿಗೆ ಅದು ಆಗುವ ಕೆಲಸವೆಂದೇ ಅನ್ನಿಸಿತ್ತು. ಗಾರೆಯವರು ಮತ್ತೆ ಬಂದರು. ಮುಚ್ಚಿದ ಗೂಡುಗಳನ್ನು ಬಿಡಿಸಿದರು, ಎಡಗಡೆ ಮತ್ತೊಂದು ಕಟ್ಟೆ ಕಟ್ಟಿದರು. ಕಟ್ಟೆ ಮುಂಚಿನಷ್ಟೇ ಎತ್ತರವಿತ್ತೋ, ನಾಲ್ಕು ಬೆರಳು ಹೆಚ್ಚಾಯಿತೋ, ಯಾರಿಗೂ ಖಾತ್ರಿಯಿರಲಿಲ್ಲ. ಸೌಂದರ್ಯ ಗುಜರಿ ಅಂಗಡಿಗೆ ಹೋದಳು. ಸಾಮಾನೆಲ್ಲ ಲಾರಿ ಹತ್ತಿ ಎಂದೋ ಮೈಸೂರು ಸೇರಿತ್ತು. ಸಂತೆಯಲ್ಲಿ ಹುಡುಕಿ ಬೇರೆ ಬೇರೆ ಆಕಾರದ ಡಬ್ಬ, ಬಾಟಲಿ, ಒಂದು ಪಿಂಗಾಣಿ ಜಾಡಿ ತಂದಳು. ಅವುಗಳನ್ನು ಎದುರಿಗಿಟ್ಟುಕೊಂಡು ಗೂಡುಗಳ ಮುಂದೆ ನಿಂತಾಗ ತಲೆಯೊಳಗೆ ಏನೂ ಹೊಳೆಯಲಿಲ್ಲ. ಮೂರು ವರ್ಷ ಆ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದಳು, ಬೈದುಕೊಂಡೇ ಮಾಡಿದ್ದಳು. ಯಾವುದು ಎಲ್ಲಿತ್ತೆಂದು ಕಣ್ಣಿಟ್ಟು ನೋಡಿರಲಿಲ್ಲ.

ಕಾಲಿಗೆ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದ ಅತ್ತೆಯ ಹತ್ತಿರ ಹೋಗಿ ಕೇಳಿದಳು. "ಉಪ್ಪು ಯಾವ ಗೂಡಲ್ಲಿತ್ತು ಅತ್ತೆ?"

ಪ್ರೇಮಮ್ಮನ ಹುಬ್ಬು ಗಂಟಿಕ್ಕಿತು. ಕೂತಲ್ಲೇ ಬಲಗೈ ಎತ್ತಿ, ಮುಂದಕ್ಕೆ ಚಾಚಿ, ಸ್ವಲ್ಪ ಎಡಕ್ಕೆ ತಿರುಗಿಸಿದರು. ಕೋಣೆಯ ಗಾಳಿಯಲ್ಲಿ ಬೆರಳುಗಳು ಏನನ್ನೋ ಹಿಡಿಯುವಂತೆ ಮಡಿಚಿದವು.

"ಇಲ್ಲಿ ಕಣವ್ವ."

"ಇಲ್ಲಿ ಅಂದ್ರೆ? ಮೇಲಿನ ಗೂಡೋ, ಕೆಳಗಿಂದೋ?"

"ಅದು ಗೊತ್ತಿಲ್ವಲ್ಲವ್ವ. ಒಲೆ ಮುಂದೆ ನಿಂತ್ರೆ ಸಿಕ್ತಿತ್ತು."

ಕಾಲಿನ ಗಾಯ ಮಾಗಿದ ಮೇಲೆ ಅವರನ್ನು ಒಲೆಯ ಮುಂದೆ ನಿಲ್ಲಿಸಿದರು. ಕೈ ಚಾಚಿದರು. ಗೂಡಿನ ಅಂಚು ಬೆರಳಿಗೆ ಬಡಿಯಿತು. ಮತ್ತೆ ಚಾಚಿದರು. ಬಾಟಲಿಯೊಂದು ಉರುಳಿ ನೆಲಕ್ಕೆ ಬಿದ್ದು ಒಡೆಯಿತು. ಮೂರನೆಯ ಸಲ ಕೈ ಎತ್ತಲಿಲ್ಲ. "ಇದು ಅದಲ್ಲ ಬುಡವ್ವ," ಅಂದರು. ಸೌಂದರ್ಯ ಬಗ್ಗಿ ಗಾಜು ಆಯುವ ನೆಪದಲ್ಲಿ ಮುಖ ಮರೆಸಿಕೊಂಡಳು.

ಅಷ್ಟಕ್ಕೇ ಬಿಡಲು ಅವಳ ಮನಸ್ಸು ಒಪ್ಪಲಿಲ್ಲ. ಕೆಲಸಕ್ಕೆ ರಜೆ ಹಾಕಿದಳು. ಹಳೆಯದು ಆಗುವುದಿಲ್ಲ ಅಂದಮೇಲೆ ಹೊಸದನ್ನೇ ಕಲಿಸೋಣ ಅಂದುಕೊಂಡಳು. ಎಲ್ಲ ಬೇಡ, ಕಾಫಿಯೊಂದು ಸಾಕು. ಕಾಫಿಪುಡಿಯ ಡಬ್ಬಕ್ಕೆ ಒಂದು ರಬ್ಬರ್ ಬ್ಯಾಂಡು, ಸಕ್ಕರೆಗೆ ಎರಡು, ಉಪ್ಪಿನ ಡಬ್ಬ ಆ ಸಾಲಿನಲ್ಲೇ ಬೇಡವೆಂದು ಬೇರೆ ಕಡೆ. ಅತ್ತೆಯ ಹಿಂದೆ ನಿಂತು, ಅವರ ಎರಡೂ ಕೈಗಳ ಮೇಲೆ ತನ್ನ ಕೈ ಇಟ್ಟು, ಒಲೆಯಿಂದ ಡಬ್ಬಕ್ಕೆ, ಡಬ್ಬದಿಂದ ಲೋಟಕ್ಕೆ ಮತ್ತೆ ಮತ್ತೆ ನಡೆಸಿದಳು. ಗ್ಯಾಸಿನ ಗುಬುಟನ್ನು ತಿರುಗಿಸುವುದು, ಲೈಟರ್ ಒತ್ತುವುದು, ಉರಿ ಹತ್ತಿದ ಸದ್ದು ಕೇಳಿಸಿಕೊಳ್ಳುವುದು. ಪ್ರೇಮಮ್ಮ ಶಾಲೆಯ ಹುಡುಗಿಯ ಹಾಗೆ ಹೇಳಿದ್ದನ್ನೆಲ್ಲ ಮಾಡಿದರು. ಒಮ್ಮೊಮ್ಮೆ ತಪ್ಪಿ ನಗುತ್ತಿದ್ದರು. ಸಿಲಿಂಡರ್ ಖಾಲಿಯಾಗಿ ಹೊಸದು ಕೂರಿಸುವಾಗಲೂ ಪಕ್ಕದಲ್ಲೇ ನಿಂತಿದ್ದು, ರೆಗ್ಯುಲೇಟರ್ ಮುಟ್ಟಿ ನೋಡಿದರು. ಕೊನೆಗೊಂದು ಬೆಳಗ್ಗೆ ಸೌಂದರ್ಯ ಏಳುವ ಹೊತ್ತಿಗೆ ಅಡುಗೆಮನೆಯಿಂದ ಕಾಫಿಯ ವಾಸನೆ ಬಂತು. ಮೂರು ಲೋಟ. ಸಕ್ಕರೆ ಸರಿಯಾಗಿತ್ತು. ಶಿವಶಂಕರ್ ಒಂದು ಗುಟುಕು ಕುಡಿದು ಎದ್ದು ಹೊರಗೆ ಹೋಗಿ ಜಗಲಿಯ ಕಂಬ ಹಿಡಿದು ನಿಂತ.

ಆ ಸಂಗತಿಯನ್ನು ಅವನೇ ಪುಷ್ಪಾಳಿಗೆ ಫೋನಿನಲ್ಲಿ ಹೇಳಿದ. ಅವಳ ಕೂಗು ಪಕ್ಕದಲ್ಲಿದ್ದ ಸೌಂದರ್ಯಳಿಗೂ ಕೇಳಿಸಿತು.

"ತಲೆ ಕೆಟ್ಟದಾ ನಿಂಗೆ? ಕಣ್ಣಿಲ್ದೋರ ಕೈಗೆ ಗ್ಯಾಸ್ ಕೊಟ್ಟಿದ್ದೀಯಲ್ಲ! ನೀವಿಬ್ರೂ ಅತ್ತಗೆ ಹೋದಾಗ ಸೆರಗಿಗೆ ಬೆಂಕಿ ಹತ್ತುದ್ರೆ? ಒಂದ್ಸಲ ಸುಟ್ಟಿದ್ದು ಸಾಲ್ದಾ?"

ಫೋನು ಇಟ್ಟಮೇಲೆ ಅವನು ಹೆಂಡತಿಯ ಮುಖ ನೋಡಿದ. ಅವಳು ಏನಾದರೂ ಹೇಳಲಿ ಎಂದು ಕಾದನೇನೋ. ಸೌಂದರ್ಯಳ ಕಣ್ಣ ಮುಂದೆ ಆ ಭಾನುವಾರದ ಪಾತ್ರೆ ಬಂತು. ಅವಳು ಎದ್ದು ಒಳಗೆ ಹೋದಳು.

ರಜೆ ಮುಗಿದು ಅವಳು ಕೆಲಸಕ್ಕೆ ಹೊರಟ ದಿನ ಶಿವಶಂಕರ್ ತೋಟಕ್ಕೆ ಹೋಗುವ ಮುಂಚೆ ಅಡುಗೆಮನೆಗೆ ಬಂದ. ಆಳುಗಳ ಅಡುಗೆಯನ್ನು ಪುಟ್ಟಲಕ್ಷ್ಮಿ ಬ್ಯಾರನ್ನಿನ ಹತ್ತಿರವೇ ಮಾಡುವಂತೆ ಆಗಲೇ ಏರ್ಪಾಡಾಗಿತ್ತು. ಬಗ್ಗಿ, ಸಿಲಿಂಡರಿನ ರೆಗ್ಯುಲೇಟರ್ ಕಳಚಿ, ಅದನ್ನು ಮೇಲಿನ ಹಲಗೆಯ ಹಿಂದೆ ಇಟ್ಟ. ಸೌಂದರ್ಯ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದಳು. ಇಬ್ಬರ ಕಣ್ಣೂ ಕೂಡಿದವು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಫ್ಲಾಸ್ಕಿಗೆ ಕಾಫಿ ತುಂಬಿಟ್ಟು, ತಟ್ಟೆಯಲ್ಲಿ ಊಟ ಮುಚ್ಚಿಟ್ಟು, "ಬತ್ತೀನಿ ಅತ್ತೆ," ಎಂದು ಹೋದಳು.

ಸಂಜೆ ಬಂದಾಗ ಪ್ರೇಮಮ್ಮ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಕೈಯಲ್ಲಿ ಲೈಟರ್ ಇತ್ತು. ಒಲೆಯ ಮೇಲೆ ಸಣ್ಣ ಪಾತ್ರೆ, ಅದರಲ್ಲಿ ತಣ್ಣಗಿನ ನೀರು. ಪಕ್ಕದಲ್ಲಿ ಎರಡು ಡಬ್ಬ, ರಬ್ಬರ್ ಬ್ಯಾಂಡಿನವು, ಸರಿಯಾದವೇ.

"ನೀನ್ ಬರೋ ಒತ್ಗೆ ಬಿಸಿ ಕಾಫಿ ಕಾಯ್ಸಿಡಣ ಅಂತಿದ್ದೆ," ಅಂದರು. "ಎಷ್ಟೊತ್ತು ಲೈಟರ್ ಒತ್ತುದ್ರೂ ಹತ್ಲಿಲ್ಲ. ಗ್ಯಾಸು ಮುಗುದೋಗದೆ ಅನ್ನಿಸ್ತದೆ ಕಣವ್ವ."

ಸೌಂದರ್ಯ ಚಪ್ಪಲಿಯನ್ನೂ ಬಿಡದೆ ನಿಂತಳು. ಹೊಸ ಸಿಲಿಂಡರ್ ಕೂರಿಸಿ ವಾರವೂ ಆಗಿರಲಿಲ್ಲ.

"ಹೌದು ಅತ್ತೆ. ಮುಗಿದಿರ್ಬೇಕು. ನಾಳೆ ಬುಕ್ ಮಾಡ್ತೀನಿ."

ಪ್ರೇಮಮ್ಮ ತಲೆಯಾಡಿಸಿದರು. ಅವರ ಮುಖ ಸೊಸೆಯ ದನಿ ಬಂದ ಕಡೆಗೆ ತಿರುಗಿತ್ತು. ನೋಡುತ್ತಿದ್ದಾರೆ ಅನ್ನಿಸುವ ಹಾಗಿತ್ತು. "ಮಾಡವ್ವ," ಅಂದರು. ಆಮೇಲೆ ಗೋಡೆ ಹಿಡಿದು ಎದ್ದು, ಲೈಟರನ್ನು ಕಲ್ಲಿನ ಮೇಲಿಟ್ಟು, ಹಜಾರ ದಾಟಿ ಜಗಲಿಗೆ ಹೋದರು.

ಸಿಲಿಂಡರ್ ಬಂತೇ ಎಂದು ಅವರು ಮರುದಿನ ಕೇಳಲಿಲ್ಲ. ಅದರ ಮರುದಿನವೂ ಇಲ್ಲ. ಬೆಳಗ್ಗೆ ಸೌಂದರ್ಯ ಅಡುಗೆ ಮಾಡುವಾಗ ಒಗ್ಗರಣೆ ಚಟಪಟ ಅನ್ನುವುದು, ಕುಕ್ಕರ್ ಕೂಗುವುದು ಜಗಲಿಗೂ ಕೇಳುತ್ತದೆ. ಆ ಬಗ್ಗೆಯೂ ಅವರು ಏನೂ ಅನ್ನುವುದಿಲ್ಲ. ತಟ್ಟೆ ಕೊಟ್ಟರೆ ಉಣ್ಣುತ್ತಾರೆ, ಹನಿ ಹಾಕಲು ಕರೆದರೆ ತಲೆ ಹಿಂದಕ್ಕೆ ಒರಗಿಸಿ ಕೂರುತ್ತಾರೆ. ಸೌಂದರ್ಯಳಿಗೆ ಈಗ ಎಲ್ಲವೂ ಚಾಚಿದ ಕೈಗೇ ಸಿಗುತ್ತದೆ. ಕೆಲಸ ಬೇಗ ಮುಗಿಯುತ್ತದೆ. ಸಾರಿಗೆ ಉಪ್ಪು ಹಾಕುವಾಗ ಒಮ್ಮೊಮ್ಮೆ ಸೌಟು ಹಿಡಿದು ಹೊರಗೆ ಹೋಗಿ, ಎಷ್ಟು ಹಾಕಲಿ ಅತ್ತೆ, ಎಂದು ಕೇಳುತ್ತಾಳೆ.

"ನಿಂಗ್ ಗೊತ್ತಾಗಕಿಲ್ವಾ, ಆಕವ್ವ," ಅನ್ನುತ್ತಾರೆ ಪ್ರೇಮಮ್ಮ.

ಅವಳು ಒಳಗೆ ಬಂದು ಹಾಕುತ್ತಾಳೆ. ಶಿವಶಂಕರ್ ಬಂದು ರೆಗ್ಯುಲೇಟರ್ ಕಳಚುತ್ತಾನೆ. ಆ ಟಕ್ ಎಂಬ ಸದ್ದಿಗೆ ಜಗಲಿಯ ಮೇಲೆ ಪ್ರೇಮಮ್ಮನ ತಲೆ ಚೂರು ಈ ಕಡೆ ತಿರುಗುತ್ತದೆ. ಸೌಂದರ್ಯ ಅದನ್ನು ನೋಡಿಯೂ ನೋಡದವಳಂತೆ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಡುತ್ತಾಳೆ.